ಭಟ್ಟರು ಎತ್ತಿ ಕುಡಿದ ಔಷಧಿ

ಐದು ಸಲ ನಾನೇ ಕೈಯಾರೆ ‘ಪಂಪ್ ತೆಗೆದುಕೊಳ್ಳುವ ವಿಧಾನ ಸರಿ ಇದೆ’ ಎಂದು ಬರೆದು ಸಹಿ ಹಾಕಿದ್ದೆ. ಆ ಐದೂ ಸಹಿಗಳಿಗೆ ಅರ್ಥವಿಲ್ಲ ಎಂದು ಗೊತ್ತಾದ ದಿನ ನನಗಾದ ಅವಮಾನ ಅಷ್ಟಿಷ್ಟಲ್ಲ. ಆದರೂ ನನ್ನ ಕೆಲಸದಲ್ಲಿ ಅತ್ಯಂತ ಹೆಮ್ಮೆಯ ಎರಡು ತಿಂಗಳು ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ನಾನು ಡೊಂಬಿವಲಿ ಪೂರ್ವದಲ್ಲಿ ಎದೆರೋಗದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿದ್ದೇನೆ. ಆಸ್ತಮಾ, ಅಲರ್ಜಿ ಇರುವವರಿಂದ ಯಂತ್ರಕ್ಕೆ ಊದಿಸಿ ಉಸಿರಿನ ಬಲ ಅಳೆಯುವುದು, ಪಂಪ್ ಹೇಗೆ ತೆಗೆದುಕೊಳ್ಳಬೇಕೆಂದು ಕಲಿಸುವುದು, ಯಾವುದರಿಂದ ಉಬ್ಬಸ ಕೆರಳುತ್ತದೆಂದು ಕೇಳಿ ಕೇಳಿ ಪತ್ತೆ ಹಚ್ಚುವುದು ನನ್ನ ಕೆಲಸ. ರೋಗಿಗಳ ಬಾಯಲ್ಲಿ ನಾನು ‘ಫೂಂಕ್‌ವಾಲಿ ಮೇಡಂ’. ಊದಿ, ಊದಿ, ಇನ್ನೂ ಊದಿ ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗುವ ನನ್ನ ಗಂಟಲು ತರಕಾರಿ ಗಾಡಿಯವರ ಗಂಟಲಿಗಿಂತ ಕಮ್ಮಿಯಿಲ್ಲ. ಸಿಟ್ಟೂ ಹಾಗೆಯೇ. ನಾವು ಮೂಲತಃ ವಿಜಯಪುರದ ಕಡೆಯವರು. ಮಾತು ಸ್ವಲ್ಪ ಮೆತ್ತಗಿರಲಿ ಎಂದರೆ ಎಲ್ಲಿಂದ ತರಲಿ?

ಭಟ್ಟರು ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನ ಮುಖ್ಯ ಅಡುಗೆಯವರು. ವಯಸ್ಸು ಐವತ್ತೈದು. ಹದಿನೈದನೆಯ ವರ್ಷಕ್ಕೆ ಸೌಟು ಹಿಡಿದವರು ಇನ್ನೂ ಕೆಳಗಿಟ್ಟಿಲ್ಲ. ಮೂರು ವರ್ಷಗಳಿಂದ ಆಸ್ತಮಾ, ಅದರ ಜೊತೆಗೆ ಸಕ್ಕರೆ ಕಾಯಿಲೆ. ನಮ್ಮಲ್ಲಿಗೆ ಬಂದ ಆರು ತಿಂಗಳಲ್ಲಿ ಎರಡು ಸಲ ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದ್ದರು. ಎರಡನೆಯ ಸಲ ಬಿಡುಗಡೆಯಾದ ಮೇಲೆ ಹೋಟೆಲಿನ ಯಜಮಾನರೇ ಅವರನ್ನು ರಿಕ್ಷಾದಲ್ಲಿ ಕ್ಲಿನಿಕ್ಕಿಗೆ ಕರೆತಂದರು. ಯಜಮಾನರೂ ಭಟ್ಟರಂತೆ ಉಡುಪಿ ಕಡೆಯವರೇ, ಒಳ್ಳೆಯ ಮನುಷ್ಯ. ಭಟ್ಟರನ್ನು ಒಳಗೆ ಕೂರಿಸಿ ನನ್ನನ್ನು ಬಾಗಿಲ ಹೊರಗೆ ಕರೆದರು.

“ಮೇಡಂ, ಇನ್ನೊಂದು ಸಲ ಹೀಗಾದ್ರೆ ನಾನು ಇವರನ್ನು ಊರಿಗೆ ಕಳಿಸ್ತೇನೆ. ಬೇಜಾರು ಮಾಡ್ಬೇಡಿ. ನನ್ನ ಅಡುಗೆಮನೆಯಲ್ಲಿ ಇವರ ಜೀವ ಹೋದ್ರೆ ನಾನು ಯಾರಿಗೆ ಮುಖ ತೋರಿಸುದು? ಊರಲ್ಲಿ ಒಬ್ಬ ಅಡುಗೆಯವನಿಗೆ ಬರ್ಲಿಕ್ಕೆ ತಯಾರಿರು ಅಂತ ಹೇಳಿಯಾಗಿದೆ.”

ಭಟ್ಟರಿಗೆ ಕಿವಿ ಚುರುಕು. ನಾನು ಒಳಗೆ ಹೋದಾಗ ನೆಲ ನೋಡುತ್ತ ಕೂತಿದ್ದರು.

“ನಂಗೆ ಅಡುಗೆ ಬಿಟ್ರೆ ಬೇರೆ ಎಂತ ಗೊತ್ತುಂಟು ಮೇಡಂ?” ಎಂದರು.

ಅವರ ಔಷಧಿ ಕಷ್ಟದ್ದೇನಲ್ಲ. ದಿನಾ ಬೆಳಿಗ್ಗೆ ಸಂಜೆ ಎರಡೆರಡು ಸಲ ಕೆಂಪು ಪಂಪ್. ಶ್ವಾಸನಾಳದ ಊತವನ್ನು ನಿಧಾನಕ್ಕೆ ಇಳಿಸುವುದು ಅದು. ಉಸಿರು ಕಟ್ಟಿದಾಗ ಮಾತ್ರ ನೀಲಿ ಪಂಪ್. ಎರಡನ್ನೂ ‘ಸ್ಪೇಸರ್’ ಎಂಬ ಉದ್ದನೆಯ ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ ಒತ್ತಬೇಕು. ಡಬ್ಬಿಯ ಇನ್ನೊಂದು ತುದಿಯನ್ನು ತುಟಿಗಳಲ್ಲಿ ಬಿಗಿಯಾಗಿ ಹಿಡಿದು ಒಳಗಿನ ಮಂಜನ್ನು ನಿಧಾನವಾಗಿ ಎಳೆದುಕೊಳ್ಳಬೇಕು. ಭಟ್ಟರು ನನ್ನೆದುರಿಗೆ ಇದನ್ನು ಪುಸ್ತಕದಲ್ಲಿ ಬರೆದ ಹಾಗೆ ಮಾಡಿ ತೋರಿಸುತ್ತಿದ್ದರು. ಎಷ್ಟು ಡೋಸ್ ಉಳಿದಿದೆಯೆಂದು ಪಂಪಿನ ಹಿಂದೆ ತೋರಿಸುವ ಅಂಕಿಯೂ ದಿನಕ್ಕೆ ಸರಿಯಾಗಿ ನಾಲ್ಕರಂತೆ ಇಳಿಯುತ್ತಿತ್ತು. ಅಂದರೆ ಡೋಸ್ ತಪ್ಪಿಸುತ್ತಿಲ್ಲ. ಆದರೆ ಊದಿದರೆ, ಉಸಿರಿನ ಬಲ ಅಳೆಯುವ ಸಣ್ಣ ಮೀಟರಿನ ಮುಳ್ಳು ಇನ್ನೂರಹತ್ತು ದಾಟುತ್ತಿರಲಿಲ್ಲ. ಅವರ ಎತ್ತರ, ವಯಸ್ಸಿಗೆ ನಾನೂರೈವತ್ತರ ಆಸುಪಾಸು ಬರಬೇಕಿತ್ತು.

ಆರನೆಯ ಭೇಟಿಯ ದಿನ ಡಾಕ್ಟರು ಫೈಲ್ ನನ್ನ ಮುಂದಿಟ್ಟರು. “ತುಮ್ಹೀ ಸ್ವತಃ ಬಘಿತ್ಲಂತ್ ನಾ?” ಎಂದು ಮರಾಠಿಯಲ್ಲಿ ಕೇಳಿದರು. ನೀವೇ ಖುದ್ದಾಗಿ ನೋಡಿದ್ದೀರಲ್ಲವೇ ಎಂಬ ಪ್ರಶ್ನೆ ಅದು. ಹೌದು, ಐದು ಸಲ ಎಂದೆ. ಹಾಗಿದ್ದರೆ ಇದು ಪಂಪಿಗೆ ಬಗ್ಗದ ಆಸ್ತಮಾ, ದಿನಾ ಸ್ಟೆರಾಯ್ಡ್ ಮಾತ್ರೆ ಶುರು ಮಾಡೋಣ ಎಂದರು ಅವರು. ಸಕ್ಕರೆ ಕಾಯಿಲೆಯವರಿಗೆ ದಿನಾ ಆ ಮಾತ್ರೆ ಕೊಟ್ಟರೆ ಸಕ್ಕರೆ ಹೇಗೆ ಏರುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಇತ್ತ ದರಿ, ಅತ್ತ ಪುಲಿ.

ನನಗೆ ಒಂದು ವಿಷಯ ಕೊರೆಯುತ್ತಿತ್ತು. ಎರಡು ಸಲವೂ ಆಸ್ಪತ್ರೆಯಲ್ಲಿ ಇದೇ ಔಷಧಿ ಅವರಿಗೆ ಹಿಡಿದಿತ್ತು. ಅಲ್ಲಿಂದ ಹೊರಬಿದ್ದು ಹದಿನೈದು ದಿನಕ್ಕೆ ಮತ್ತೆ ಅದೇ ಪಾಡು. ಅಲ್ಲಿ ಹಿಡಿಯುವ ಔಷಧಿ ಹೋಟೆಲಿನಲ್ಲಿ ಯಾಕೆ ಹಿಡಿಯುವುದಿಲ್ಲ? ಡಾಕ್ಟರನ್ನು ಒಂದು ತಿಂಗಳ ಗಡುವು ಕೇಳಿದೆ. ಅವರು ಒಪ್ಪಿದರು, ಆದರೆ ವಾರಕ್ಕೊಮ್ಮೆ ಭಟ್ಟರು ಬಂದು ಊದಬೇಕು, ಇನ್ನೂರಕ್ಕಿಂತ ಕೆಳಗಿಳಿದರೆ ಅಂದೇ ಮಾತ್ರೆ ಎಂದು ಷರತ್ತು ಹಾಕಿದರು.

ರೋಗಿಗಳ ಮನೆಗಾಗಲಿ ಕೆಲಸದ ಜಾಗಕ್ಕಾಗಲಿ ಹೋಗುವುದು ನಮ್ಮ ಕ್ಲಿನಿಕ್ಕಿನ ಪದ್ಧತಿಯಲ್ಲ. ಆದರೆ ನನ್ನ ಮನೆ ಕಲ್ಯಾಣದಲ್ಲಿಯೇ ಇರುವುದು. ಭಾನುವಾರ ರಜೆ. ಮೂರೂವರೆಗೆ, ಊಟದ ಗಲಾಟೆ ಮುಗಿಯುವ ಹೊತ್ತು ನೋಡಿ, ಯಜಮಾನರಿಗೆ ಫೋನ್ ಮಾಡಿ ಹೋಟೆಲಿಗೆ ಹೊರಟೇಬಿಟ್ಟೆ.

ಚಪ್ಪಲಿ ಹೊರಗೆ ಬಿಡಿಸಿ, ಕೈಕಾಲು ತೊಳೆಸಿ, ಅಡುಗೆಮನೆಯ ತರಕಾರಿ ಹೆಚ್ಚುವ ಮೂಲೆಯಲ್ಲಿ ನನಗೊಂದು ಸ್ಟೂಲ್ ಹಾಕಿದರು. ಕೂತಲ್ಲಿಂದಲೇ ಎರಡು ತಪ್ಪು ಕಣ್ಣಿಗೆ ಬಿದ್ದವು. ಗೋಡೆಯ ಎಕ್ಸಾಸ್ಟ್ ಫ್ಯಾನ್ ಜಿಡ್ಡು ಮೆತ್ತಿಕೊಂಡು ತಿರುಗುವುದನ್ನೇ ಮರೆತಿತ್ತು. ಹುಳಿಪುಡಿಗೆ ಒಣಮೆಣಸು ಹುರಿಯುವ ದೊಡ್ಡ ಬಾಣಲೆ ಅದರ ಕೆಳಗೇ ಇತ್ತು. ಕೇಳಿದರೆ, ಪ್ರತಿ ಬುಧವಾರ ಹುರಿಯುವುದು, ಭಟ್ಟರು ತಾವೇ ಬಾಣಲೆಯ ಮೇಲೆ ಬಗ್ಗಿ ಹುರಿಯುವುದು. ನಾನು ಎಲ್ಲವನ್ನೂ ಬರೆದುಕೊಂಡೆ. ಇಷ್ಟೇ ಎಂದುಕೊಂಡು ಎದ್ದು ಹೋಗಿದ್ದರೆ ಇಂದಿಗೂ ನನ್ನ ಸಹಿಗಳು ಸರಿ ಎಂದೇ ನಂಬಿಕೊಂಡಿರುತ್ತಿದ್ದೆ.

ಐದು ಗಂಟೆಗೆ ಭಟ್ಟರು ಕೈ ತೊಳೆದು ಕೆಂಪು ಪಂಪ್ ತೆಗೆದುಕೊಂಡರು. ಅದರ ಜಾಗ ದೇವರ ಫೋಟೋದ ಪಕ್ಕದ ಹಲಗೆ. ನಾನು ಕಲಿಸಿದ ಹಾಗೆ ಚೆನ್ನಾಗಿ ಕುಲುಕಿದರು. ಉಸಿರನ್ನು ಪೂರ್ತಿ ಹೊರಬಿಟ್ಟರು. ಆಮೇಲೆ ತಲೆ ಹಿಂದಕ್ಕೆ ವಾಲಿಸಿ, ಬಾಯಿ ಅಗಲಿಸಿ, ಪಂಪನ್ನು ಒಂದು ಗೇಣು ಮೇಲೆ ಎತ್ತಿ ಹಿಡಿದು ಒತ್ತಿದರು. ಬಾಯಿ ಮುಚ್ಚಿ ಮನಸ್ಸಿನಲ್ಲೇ ಹತ್ತು ಎಣಿಸಿದರು. ಮತ್ತೊಂದು ಸಲ ಹಾಗೆಯೇ. ಕೊನೆಗೆ ಬಾಯಿ ಮುಕ್ಕಳಿಸಲು ತಂಬಿಗೆ ತೆಗೆದುಕೊಂಡು, ತುಟಿಗೆ ತಾಗದಂತೆ ಅದೇ ಒಂದು ಗೇಣು ಮೇಲಿನಿಂದ ನೀರು ಬಿಟ್ಟುಕೊಂಡರು.

ನಾನು ಸ್ಟೂಲಿನ ಮೇಲೆ ಕಲ್ಲಾದೆ. ಆರು ತಿಂಗಳು ಈ ಮನುಷ್ಯ ಔಷಧಿಯನ್ನು ಎತ್ತಿ ಕುಡಿದಿದ್ದಾರೆ! ಶ್ವಾಸಕೋಶಕ್ಕೆ ಹೋಗಬೇಕಾದದ್ದೆಲ್ಲ ನಾಲಿಗೆಗೆ ಅಭಿಷೇಕವಾಗಿದೆ.

“ಭಟ್ಟರ, ಆ ಉದ್ದನ ಡಬ್ಬಿ ಎಲ್ಲೈತ್ರೀ?” ಎಂದೆ. ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು.

“ಅದು ರೂಮಲ್ಲುಂಟು, ಪೆಟ್ಟಿಗೆಯೊಳಗೆ ಜೋಪಾನವಾಗಿ ಇಟ್ಟಿದ್ದೇನೆ. ಅದನ್ನು ಕಚ್ಚಿ ಹಿಡೀಬೇಕಲ್ವಾ ಮೇಡಂ, ಎಂಜಲಾಗ್ತದೆ. ಎಂಜಲು ಕೈಯಲ್ಲಿ ಸೌಟು ಮುಟ್ಟುದು ಹೇಗೆ? ನೂರಾರು ಜನ ಉಣ್ಣುವ ಅಡುಗೆ.”

“ಮತ್ತ ನಮ್ಮ ಕ್ಲಿನಿಕ್ಕಿನ್ಯಾಗ ಕಚ್ಚಿ ಹಿಡೀತಿದ್ರಲ್ಲ?”

“ಅದು ಆಸ್ಪತ್ರೆ ಅಲ್ವಾ? ಅಲ್ಲಿಂದ ಬಂದವ ಸ್ನಾನ ಮಾಡಿಯೇ ಒಳಗೆ ಕಾಲಿಡುದು.” ಇಷ್ಟು ಸರಳ ವಿಷಯ ನನಗೆ ಗೊತ್ತಿಲ್ಲವೇ ಎಂಬಂತೆ ನನ್ನ ಮುಖ ನೋಡಿದರು.

ಬೈಯಲು ಬಾಯಿ ತೆರೆದಿದ್ದೆ, ಮುಚ್ಚಿದೆ. ಹಾಗೆ ಮುಚ್ಚಿದ್ದು ನನ್ನ ಜೀವನದಲ್ಲಿ ಅಪರೂಪ. ಬೈದರೆ ಭಟ್ಟರು ಹೂಂ ಎನ್ನುತ್ತಾರೆ, ನಾನು ಆಚೆ ಹೋದ ಮೇಲೆ ತಮ್ಮದೇ ಸರಿ ಎಂದು ನಡೆಯುತ್ತಾರೆ. ಮತ್ತೆ, ತಪ್ಪು ಅವರದ್ದೂ ಅಲ್ಲ. ತೋರಿಸಿ ಎಂದು ಐದು ಸಲ ಕೇಳಿದ ನಾನು, ಅಡುಗೆಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಒಂದು ಸಲವೂ ಕೇಳಿರಲಿಲ್ಲ. ಸ್ನಾನಕ್ಕೆ ಮೊದಲೇ ರೂಮಿನಲ್ಲಿ ತೆಗೆದುಕೊಂಡರೆ ಹೇಗೆ ಎಂದು ಕೇಳಿ ನೋಡಿದೆ. ಸ್ನಾನ, ಜಪ ಆಗದೆ ಬಾಯಿಗೆ ನೀರೂ ಹಾಕುವುದಿಲ್ಲ ಎಂದರು. ಸಂಜೆಯದ್ದು? ಸಂಜೆ ಅಡುಗೆಮನೆ ಬಿಟ್ಟು ಹೋಗುವಂತೆಯೇ ಇಲ್ಲ.

ಸ್ಟೂಲಿನ ಮೇಲೆಯೇ ಕೂತು ತೀರ್ಮಾನ ಮಾಡಿದೆ. ನಲವತ್ತು ವರ್ಷದ ಮಡಿ ನನ್ನ ಒಂದು ತಿಂಗಳ ಗಡುವಿನಲ್ಲಿ ಬಿಡುವಂಥದ್ದಲ್ಲ. ಮಡಿ ಇದ್ದಲ್ಲಿಯೇ ಇರಲಿ, ಔಷಧಿಯೇ ಅದನ್ನು ಸುತ್ತಿ ಒಳಗೆ ಹೋಗಬೇಕು.

ಬಾಯಿಗೆ ಹಿಡಿಯಲು ಬಾರದ ಸಣ್ಣ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರ್ ಕೊಡುತ್ತೇವೆ. ಮೂಗು, ಬಾಯಿ ಎರಡನ್ನೂ ಮುಚ್ಚುತ್ತದೆ. ತುಟಿಗೆ ಏನೂ ತಾಗುವುದಿಲ್ಲ. ದೊಡ್ಡವರ ಅಳತೆಯದೂ ಸಿಗುತ್ತದೆ. ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ, ನನ್ನ ಐದು ಸಹಿಗಳ ಸಮೇತ. ಅವರು ನಗಲೂ ಇಲ್ಲ, ಗದರಲೂ ಇಲ್ಲ. ಮಾಸ್ಕ್ ತರಿಸಿ ಎಂದರು.

ಬುಧವಾರ ಭಟ್ಟರು ಬಂದಾಗ ಮಾಸ್ಕನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಮಕ್ಕಳದ್ದಲ್ವಾ?” ಎಂದರು.

“ಮಕ್ಕಳಿಗೆ ಹಿಡಿದಿದ್ದು ನಿಮಗ ಹಿಡಿಯಾಂಗಿಲ್ಲೇನು? ತುಟಿಗೆ ತಾಗೂದಿಲ್ಲ, ಎಂಜಲಿಲ್ಲ. ಇನ್ನೇನ್ ಬೇಕ್ರೀ?”

ಅವರು “ಎಂಜಲಿಲ್ಲ,” ಎಂದು ತಾವೇ ಒಮ್ಮೆ ಹೇಳಿ ನೋಡಿ ಒಪ್ಪಿದರು.

ಮಾಸ್ಕನ್ನು ಮುಖಕ್ಕೆ ಸಂದಿಲ್ಲದಂತೆ ಒತ್ತಿ ಹಿಡಿಯುವುದು, ಒಳಗೆ ಬಾಯಿ ತೆರೆದು ಬಾಯಿಂದಲೇ ಉಸಿರಾಡುವುದು, ಒಂದು ಸಲ ಒತ್ತಿ ಐದಾರು ನಿಧಾನದ ಉಸಿರು, ಎರಡನೆಯದಕ್ಕೆ ಮೊದಲು ಅರ್ಧ ನಿಮಿಷ ಬಿಡುವು, ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಮುಖ ತೊಳೆಯುವುದು. ಎಲ್ಲವನ್ನೂ ಮೂರು ಮೂರು ಸಲ ಮಾಡಿಸಿದೆ. ಹೊರಡುವಾಗ “ಡಬ್ಬಿ ಸ್ವಚ್ಛ ಇಟ್ಕೋರಿ” ಎಂದೆ. ಉಡುಪಿಯ ಅಡುಗೆ ಭಟ್ಟರಿಗೆ ಸ್ವಚ್ಛತೆಯ ಪಾಠ ಹೇಳಿದ್ದು ನನ್ನ ಎರಡನೆಯ ತಪ್ಪು. ಅದು ತಪ್ಪು ಎಂದು ಆಗ ಗೊತ್ತಾಗಲಿಲ್ಲ.

ಯಜಮಾನರು ಎರಡೇ ದಿನದಲ್ಲಿ ಎಕ್ಸಾಸ್ಟ್ ಫ್ಯಾನ್ ಬದಲಿಸಿದರು. ಮೆಣಸು ಹುರಿಯುವುದನ್ನು ಮಾತ್ರ ಭಟ್ಟರು ಯಾರಿಗೂ ಬಿಟ್ಟುಕೊಡಲಿಲ್ಲ. ಹದ ತಪ್ಪುತ್ತದೆ ಎಂಬುದೊಂದೇ ಮಾತು.

ಮೊದಲ ವಾರ ಮೀಟರ್ ಇನ್ನೂರಮೂವತ್ತು ತೋರಿಸಿತು. ನಾನು ಒಳಗೊಳಗೇ ಕುಣಿದೆ. ಎರಡನೆಯ ವಾರ ಇನ್ನೂರಹದಿನೈದು. ಮೂರನೆಯ ಬುಧವಾರ ಭಟ್ಟರು ಹೇಳಿದ ಹೊತ್ತಿಗೆ ಬರಲಿಲ್ಲ. ಯಜಮಾನರ ಫೋನ್ ಬಂತು. ಮೆಣಸು ಹುರಿಯುತ್ತಿದ್ದಂತೆ ಉಸಿರು ಕಟ್ಟಿದೆ, ನೀಲಿ ಪಂಪ್ ಮೇಲಿಂದ ಮೇಲೆ ತೆಗೆದುಕೊಂಡ ಮೇಲೆ ಈಗ ಸ್ವಲ್ಪ ತಗ್ಗಿದೆ, ರಿಕ್ಷಾದಲ್ಲಿ ನಿಮ್ಮಲ್ಲಿಗೇ ಕರೆತರುತ್ತಿದ್ದೇವೆ ಎಂದರು. ಆಮೇಲೆ ದನಿ ತಗ್ಗಿಸಿ, “ಸಾಕು ಮೇಡಂ. ನೀವೂ ಮಾಡಿದ್ರಿ, ನಾವೂ ಮಾಡಿದ್ವಿ. ಈ ತಿಂಗಳಾದ ಮೇಲೆ ಅವರನ್ನು ಕಳಿಸ್ತೇನೆ,” ಎಂದರು.

ಭಟ್ಟರು ಬಂದರು. ಡಾಕ್ಟರು ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಾಕಿಸಿದರು, ಒಂದು ಗಂಟೆಯಲ್ಲಿ ಉಸಿರು ಸರಾಗವಾಯಿತು. ಬಂದ ಕೂಡಲೇ ಊದಿಸಿದಾಗ ಬಂದದ್ದು ನೂರೆಂಬತ್ತು; ಷರತ್ತಿನ ಪ್ರಕಾರ ಮಾತ್ರೆಯ ಚೀಟಿ ಬರೆಯಬೇಕು. ಸದ್ಯಕ್ಕೆ ಈ ಉಬ್ಬಸ ಇಳಿಸಲು ಐದು ದಿನದ ಮಾತ್ರೆ, ತಿಂಗಳು ಮುಗಿಯಲು ಇನ್ನು ಕೆಲವೇ ದಿನವಿದೆ, ಆಮೇಲೆ ಕಾಯಂ ಎಂದರು ಡಾಕ್ಟರು. ನನಗೆ ಅಳು ಬರುವುದೊಂದು ಬಾಕಿ. ಕುರ್ಚಿಯ ಮೇಲೆ ಭಟ್ಟರ ಕೈಚೀಲವಿತ್ತು. ಸ್ಪೇಸರನ್ನು ಹೊರತೆಗೆದು ದೀಪದ ಕೆಳಗೆ ಹಿಡಿದೆ.

ಹೊಸದಕ್ಕಿಂತ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ಆದರೆ ಒಳಗಿನ ಗೋಡೆಯ ಮೇಲೆ ತೆಳುವಾದ ಬಿಳಿ ಪುಡಿ ಅಂಟಿತ್ತು.

“ಇದನ್ನ ಹೆಂಗ ತೊಳೀತೀರಿ ಭಟ್ಟರ?”

“ಪ್ರತಿ ಸಲ ತೊಳೀತೇನೆ. ತೊಳೆದು ಒಣಬಟ್ಟೆಯಲ್ಲಿ ಒಳಗೂ ಹೊರಗೂ ಚೆಂದ ಮಾಡಿ ಒರೆಸ್ತೇನೆ. ನೀವೇ ಹೇಳಿದ್ರಿ ಅಲ್ವಾ ಸ್ವಚ್ಛ ಇಡ್ಲಿಕ್ಕೆ?”

ನಾನೇ ಹೇಳಿದ್ದೆ! ಪ್ಲಾಸ್ಟಿಕ್ ಬಾಚಣಿಗೆಯಿಂದ ಕೂದಲು ಬಾಚಿದರೆ ಕಾಗದದ ಚೂರುಗಳನ್ನು ಹೇಗೆ ಎಳೆಯುತ್ತದೆಯೋ, ಒರೆಸಿ ಉಜ್ಜಿದ ಡಬ್ಬಿಯೂ ಹಾಗೆ ಔಷಧಿಯ ಮಂಜನ್ನು ತನ್ನ ಗೋಡೆಗೆ ಎಳೆದುಕೊಳ್ಳುತ್ತದೆ. ಮೊದಲು ನಾಲಿಗೆ ತಿನ್ನುತ್ತಿದ್ದ ಔಷಧಿಯನ್ನು ಈಗ ಡಬ್ಬಿ ತಿನ್ನುತ್ತಿತ್ತು. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ, ಒರೆಸದೆ ತಾನಾಗಿ ಒಣಗಲು ಬಿಡಬೇಕು ಎಂಬುದು ನನಗೆ ಬಾಯಿಪಾಠ. ಎಲ್ಲ ತಾಯಂದಿರಿಗೂ ಹೇಳುತ್ತೇನೆ. ಎಂಜಲಿನ ಗಂಟು ಬಿಡಿಸಿದ ಸಂಭ್ರಮದಲ್ಲಿ ಭಟ್ಟರಿಗೆ ಹೇಳುವುದನ್ನೇ ಬಿಟ್ಟಿದ್ದೆ.

ಈಗ ಹೇಳಿದೆ. ಭಟ್ಟರ ಮುಖ ಹುಳ್ಳಗಾಯಿತು. “ಒರೆಸದ ಪಾತ್ರೆಯನ್ನು ದೇವರ ಫೋಟೋದ ಹತ್ತಿರ ಇಡುದಾ? ನೀರಿನ ಕಲೆ ನಿಲ್ತದೆ ಮೇಡಂ. ನೋಡಿದವರು ಎಂತ ಹೇಳಿಯಾರು?”

ಮತ್ತೆ ಸಿಟ್ಟು ನೆತ್ತಿಗೇರಿತು. ಏರಿದ ಸಿಟ್ಟು ಇಳಿಯುವಷ್ಟರಲ್ಲಿ ಎಲ್ಲಿಂದಲೋ ಮಾತು ಬಂತು.

“ಮಡಿ ಬಟ್ಟಿ ಹೆಂಗ ಒಣಗಸ್ತೀರಿ?”

“ಹಿಂಡಿ, ಕೋಲಿನಲ್ಲಿ ಮೇಲೆ ಹರವಿ ಬಿಡುದು.”

“ಆಮೇಲೆ ಯಾರರ ಮುಟ್ತಾರೇನು?”

“ಯಾರೂ ಮುಟ್ಲಿಕ್ಕಿಲ್ಲ. ಮುಟ್ಟಿದ್ರೆ ಮಡಿ ಹೋಯ್ತಲ್ಲ!”

“ಇದೂ ಮಡಿ ಬಟ್ಟೀನs ಅಂತ ತಿಳ್ಕೋರಿ. ತೊಳದು ಎತ್ತರದಾಗ ಇಟ್ಟುಬಿಡ್ರಿ. ಅದು ತಾನs ಒಣಗೂತನಕ ಕೈ ಹಚ್ಚಬ್ಯಾಡ್ರಿ, ಬಟ್ಟಿ ಹಚ್ಚಬ್ಯಾಡ್ರಿ.”

ಭಟ್ಟರು ನೆಟ್ಟಗೆ ಕೂತರು. “ಹೀಗೆ ಮೊದಲೇ ಹೇಳ್ಬಾರದಿತ್ತಾ ಮಾರಾಯ್ರೆ?” ಎಂದರು. ಡಾಕ್ಟರಿಗೆ ಕನ್ನಡ ಬಾರದು. ನಾವಿಬ್ಬರೂ ಯಾಕೆ ನಗುತ್ತಿದ್ದೇವೆಂದು ತಿಳಿಯದೆ ಬಾಗಿಲಲ್ಲಿ ನಿಂತು ನೋಡಿದರು.

ಅಂದೇ ಮೆಣಸಿನ ವಿಚಾರವನ್ನೂ ಮುಗಿಸಿದೆ. ಹದ ಗೊತ್ತಾಗುವುದು ಕಣ್ಣಿಗೋ ಮೂಗಿಗೋ ಎಂದು ಕೇಳಿದೆ. ಮೂಗಿಗೇ ಎಂದರು. ಹಾಗಿದ್ದರೆ ಹಿಂಬಾಗಿಲ ಹೊರಗೆ ನಿಲ್ಲಿ, ಬಾಣಲೆ ಇನ್ನೊಬ್ಬರು ನೋಡಿಕೊಳ್ಳಲಿ, ಹದದ ವಾಸನೆ ಬಂದಾಗ ಅಲ್ಲಿಂದಲೇ ಕೂಗಿ ಎಂದೆ. ಗೊಣಗುತ್ತ ಒಪ್ಪಿದರು. ಯಜಮಾನರಿಗೆ ನಾನೇ ಫೋನ್ ಮಾಡಿ ಇನ್ನೊಂದು ತಿಂಗಳು ಬೇಡಿದೆ. ಡಾಕ್ಟರನ್ನೂ ಬೇಡಿದೆ. ಬೇಡುವುದು ನನ್ನ ಜಾಯಮಾನವಲ್ಲ, ಆದರೆ ಆ ದಿನ ನಾಚಿಕೆಯೆನಿಸಲಿಲ್ಲ. ಡಾಕ್ಟರು ಪುಡಿ ಅಂಟಿದ ಡಬ್ಬಿಯನ್ನು ಕಣ್ಣಾರೆ ನೋಡಿ, ವಾರ ವಾರ ನೋಡೋಣ, ಇಳಿದರೆ ಮಾತ್ರೆ ತಪ್ಪದು ಎಂದು ಒಪ್ಪಿದರು.

ಮುಂದಿನ ವಾರ ಇನ್ನೂರೆಂಬತ್ತು. ಅದು ಐದು ದಿನದ ಮಾತ್ರೆಯ ಪ್ರಭಾವ ಇರಬಹುದೆಂದು ನಾನು ಆ ಅಂಕಿಯನ್ನು ನಂಬಲಿಲ್ಲ. ಅದರ ಮುಂದಿನ ವಾರ, ಮಾತ್ರೆ ನಿಂತ ಮೇಲೂ ಮುನ್ನೂರಹತ್ತು. ಮತ್ತೊಂದು ವಾರಕ್ಕೆ ಮುನ್ನೂರನಲವತ್ತು. ನೀಲಿ ಪಂಪಿನ ಅಂಕಿ ಹತ್ತು ದಿನಗಳಿಂದ ಅಲುಗಾಡಿರಲಿಲ್ಲ. ಬುಧವಾರ ಹಿಂಬಾಗಿಲಿನಿಂದ “ಇಳಿಸು ಮಾರಾಯ, ಸಾಕು!” ಎಂದು ಭಟ್ಟರು ಕೂಗುವುದು ಗಲ್ಲಾದವರೆಗೂ ಕೇಳುತ್ತದೆಂದು ಯಜಮಾನರು ಫೋನಿನಲ್ಲಿ ದೂರಿದರು. ದೂರುವ ದನಿಯಲ್ಲಿ ನಗುವಿತ್ತು.

ಎರಡನೆಯ ತಿಂಗಳ ಕೊನೆಗೆ ಮೀಟರಿನ ಜೊತೆಗೆ ದೊಡ್ಡ ಯಂತ್ರದಲ್ಲೂ ಊದಿಸಿದೆ. ನನ್ನ ಕೂಗು ಅಂದು ಬೀದಿಗೂ ಕೇಳಿರಬೇಕು. ಮೀಟರಿನಲ್ಲಿ ಮುನ್ನೂರತೊಂಬತ್ತು; ಯಂತ್ರದ ಪರದೆಯ ಮೇಲೆ, ಮೊದಲು ಹಳ್ಳ ಬಿದ್ದಂತೆ ಕುಸಿಯುತ್ತಿದ್ದ ಗೆರೆ ಈಗ ನೆಟ್ಟಗೆ ಇಳಿದಿತ್ತು. ಡಾಕ್ಟರು ಹಳೆಯ ಗೆರೆ, ಹೊಸ ಗೆರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಯಾವ ಔಷಧಿ ಬದಲಾಯಿಸಿದೆವು ಎಂದು ಫೈಲ್ ತಿರುವಿದರು. ಯಾವುದೂ ಇಲ್ಲ ಸರ್, ಅದೇ ಔಷಧಿ, ಈ ಸಲ ಒಳಗೆ ಹೋಗಿದೆ ಎಂದೆ. ಕಾಯಂ ಮಾತ್ರೆಯ ಮಾತು ಅಲ್ಲಿಗೆ ಮುಗಿಯಿತು. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇನು, ಎದೆ ಉಬ್ಬಿ ಸೀರೆಯ ಪಿನ್ ಬಿಗಿಯಾಗುವಷ್ಟು ಆಯಿತು.

ಯಜಮಾನರಿಗೆ ಫೋನ್ ಹಚ್ಚಿ ಭಟ್ಟರ ಎದುರಿಗೇ ಅಂಕಿ ಹೇಳಿದೆ.

“ಹಾಗಾದ್ರೆ ಊರಿನವನಿಗೆ ಬರುದು ಬೇಡ ಅಂತ ಹೇಳ್ಬೇಕು ನಾನು,” ಎಂದರು ಯಜಮಾನರು. “ಮೇಡಂ, ಭಟ್ಟರನ್ನು ಬೇಗ ಕಳಿಸಿ. ಸಂಜೆ ತಿಂಡಿಯ ಹೊತ್ತಾಯ್ತು.”

ಭಟ್ಟರು ಮೇಲುವಸ್ತ್ರದಿಂದ ಕಣ್ಣೊರೆಸಿಕೊಂಡು, ಚೀಲ ಹೆಗಲಿಗೇರಿಸಿ ಹೊರಟರು. ನನ್ನ ಕೆಲಸವೂ ಮುಗಿದಿತ್ತು, ಒಂದೇ ರೈಲು, ಜೊತೆಗೇ ನಡೆದೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಕೆಳಗೆ ಬಂದಾಗ ಕಲ್ಯಾಣದ ಗಾಡಿ ಬರುತ್ತಿದೆಯೆಂದು ಮೈಕಿನಲ್ಲಿ ಹೇಳತೊಡಗಿದ್ದರು. “ಬನ್ನಿ ಮೇಡಂ,” ಎಂದವರೇ ಭಟ್ಟರು ಮೆಟ್ಟಿಲು ಹತ್ತತೊಡಗಿದರು. ಆರು ತಿಂಗಳು ನನ್ನ ಕೋಣೆಯ ಹೊಸ್ತಿಲು ದಾಟಲು ಎರಡು ಸಲ ನಿಲ್ಲುತ್ತಿದ್ದ ಮನುಷ್ಯ, ಸಂಜೆಯ ಜನಜಂಗುಳಿಯಲ್ಲಿ ಚೀಲ ಹೊತ್ತು ಒಂದೇ ಉಸಿರಿಗೆ ಮೇಲೆ ಹೋಗಿ ನಿಂತರು.

ನಾನು ನಡುವಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದೆ. ಭಟ್ಟರು ಮೇಲಿನಿಂದ ತಿರುಗಿ ನೋಡಿದರು.

“ಎಂತ ಮೇಡಂ, ನಿಮ್ಮನ್ನೂ ಒಮ್ಮೆ ಊದಿಸಿ ನೋಡ್ಬೇಕಾ?”